ಮೂಗು ಕೂಡಿತು, ಕೈ ಕೂಡಲಿಲ್ಲ

ನಮ್ಮ ಬನಹಟ್ಟಿ ಸೀಮೆಯೊಳಗೆ ಬೆರಳಿಲ್ಲದ ಕೈ ಕಂಡರೆ ಯಾರೂ ನಿಂತು ನೋಡುವುದಿಲ್ಲ. ಕಣಕಿ ಕತ್ತರಿಸುವ ಮಿಷನ್ನಿಗೆ ಎರಡು ಬೆರಳು ಕೊಟ್ಟವರು, ಪಾವರ್‌ಲೂಮಿನ ಗಾಲಿಗೆ ಸಿಕ್ಕು ಬೆರಳ ತುದಿ ಕಳಕೊಂಡವರು, ಕಬ್ಬಿನ ಗಾಣಕ್ಕೆ ಅಂಗೈಯನ್ನೇ ಕೊಟ್ಟವರು ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಜೊತೆಗೇ ಓಡಾಡುತ್ತಾರೆ. ಉಳಿದ ಬೆರಳಲ್ಲೇ ಚಹಾದ ಕಪ್ಪು ಹಿಡೀತಾರೆ, ಬೀಡಿ ಹಚ್ತಾರೆ. ಕೇಳಿದರೆ "ಮಿಷನ್ನಿಗೆ ಹೋತ್ರಿ" ಅಂತ ಒಂದೇ ಮಾತು. ಮಳಿ ಹೋತು, ಬೆಳಿ ಹೋತು ಅಂದಹಾಗೆ ಬೆರಳೂ ಹೋತು.

ಕೆಲವು ವರ್ಷಗಳ ಹಿಂದೆ ನಮ್ಮ ಕೇರಿಯ ಹುಡುಗನೊಬ್ಬ ತೋಟದ ಮನೆಯೊಂದರಲ್ಲಿ ಕೂಲಿಗಿದ್ದ. ಒಂದು ಸಂಜಿ ದನಕ್ಕೆ ಕಣಕಿ ಹಾಕುತ್ತಿದ್ದಾಗ ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಮಿಷನ್ನಿನ ಬಾಯಿಗೆ ಹೋದವು. ಓಡಿ ಹೋದವರಲ್ಲಿ ನಾವೂ ಇದ್ದೆವು. ಕೈಗೆ ಧೋತರ ಸುತ್ತಿ ಅವನನ್ನು ಟೆಂಪೊದಾಗ ಕೂಡ್ರಿಸಿದ್ವಿ. ಬೆರಳು ಕಣಕಿಯ ರಾಶಿಯೊಳಗೆ ಬಿದ್ದಿದ್ದವು. "ಇವನ್ನೇನ್ ಮಾಡೂದು?" ಅಂತ ಒಬ್ಬ ಕೇಳಿದ. ಹಿರಿಯರೊಬ್ಬರು "ನಾಯಿ ಒಯ್ದಾವು, ಮಣ್ಣ ಮಾಡ್ರಿ ತಮ್ಮಾ" ಅಂದರು. ನಾವು ಬದುವಿನ ಬಗಲಿಗೆ ಒಂದು ಗೇಣು ನೆಲ ಕೆದರಿ, ಅರಿಷಿಣ ಹಚ್ಚಿ, ಆ ಎರಡು ಬೆರಳನ್ನು ಮಣ್ಣು ಮಾಡಿ ಬಂದೆವು. ದೊಡ್ಡ ಕರ್ತವ್ಯ ಮಾಡಿದೆವು ಅನ್ನೋ ಭಾವನೆ ನಮ್ಮಲ್ಲಿತ್ತು.

ಮುಂದೆ ಎಷ್ಟೋ ದಿನದ ಮೇಲೆ ವೈದ್ಯ ಗೆಳೆಯನೊಬ್ಬನಿಗೆ ಈ ಸಂಗತಿ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಬೆರಳು ತಂದಿದ್ದಿರೇನು?" ನಾವು ಬಾಯಿ ತೆರೆಯಲಿಲ್ಲ. ಕಡಿದ ಬೆರಳು ತಿರುಗಿ ಕೂಡುತ್ತದೆ, ಅದರೊಳಗೆ ಮತ್ತೆ ರಕ್ತ ಹರಿಯುತ್ತದೆ, ಅದು ಮತ್ತೆ ಹಗ್ಗ ಹಿಡಿಯುತ್ತದೆ ಅನ್ನೋದು ನಮಗೆ ಗೊತ್ತಿರಲಿಲ್ಲ. ನಮಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ? ಈ ವಿದ್ಯೆ ಯಾರದು, ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು, ನಮ್ಮ ಕೇರಿಗೆ ಬರುವ ದಾರಿಯಲ್ಲಿ ಎಲ್ಲಿ ನಿಂತುಬಿಟ್ಟಿತು? ಇವನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕ ಚರಿತ್ರೆ ಇದು. ರಾಜರ ಚರಿತ್ರೆಯ ಪಾಠದಲ್ಲಿ ಇದು ಇಲ್ಲ.

ಈ ಕತೆ ಶುರುವಾಗುವುದು ನಮಗೆ ಸಂಬಂಧವಿದ್ದ ಒಂದು ಯುದ್ಧದಿಂದ. ಬನಹಟ್ಟಿ 1948ರವರೆಗೆ ಜಮಖಂಡಿ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ ಆಳಿದವರು ಪಟವರ್ಧನರು. ಅದೇ ಮನೆತನದ ಪರಶುರಾಮ ಭಾವು ಪೇಶ್ವೆಯ ದಂಡು ಕಟ್ಟಿಕೊಂಡು, ಇಂಗ್ಲಿಷರ ಕೂಡ ಸೇರಿ, ಟಿಪ್ಪುವಿನ ಮೇಲೆ ಹೋದವನು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1791ರಲ್ಲಿ ಧಾರವಾಡದ ಕೋಟೆ ಹಿಡಿದ ದಂಡು ಅದೇ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು, ಗೆದ್ದವರು ನೆಲ ಹಂಚಿಕೊಂಡರು. ಪಠ್ಯಪುಸ್ತಕ ಇಲ್ಲಿಗೆ ಮುಗಿಯುತ್ತದೆ.

ಆದರೆ ದಂಡು ಅಂದರೆ ಬರೀ ಸರದಾರರಲ್ಲ. ತೋಪು ಎಳೆಯುವ ಎತ್ತು, ಎತ್ತು ಹೊಡೆಯುವ ಆಳು, ಹುಲ್ಲು ತರುವವರು, ಅಕ್ಕಿಯ ಚೀಲ ಹೊರುವವರು ಇಲ್ಲದೆ ಯಾವ ದಂಡೂ ಒಂದು ಹರದಾರಿ ಸಾಗುತ್ತಿರಲಿಲ್ಲ. ಇಂಗ್ಲಿಷರ ದಂಡಿನೊಳಗೆ ಹಾಗೆ ಎತ್ತು ಹೊಡೆಯುತ್ತಿದ್ದ ಒಬ್ಬ ಮರಾಠಿ ಒಕ್ಕಲಿಗನಿದ್ದ. ಇಂಗ್ಲಿಷರು ಬರೆದುಕೊಂಡ ಪ್ರಕಾರ ಅವನ ಹೆಸರು ಕಾವಸಜಿ. ಅವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕಡಿದು ಬಿಟ್ಟರು ಎಂದು ಇಂಗ್ಲಿಷರ ಬರಹ ಹೇಳುತ್ತದೆ. ಇದನ್ನು ಹಿಡಿದುಕೊಂಡು ಟಿಪ್ಪುವಿಗೆ ಮತದ ಬಣ್ಣ ಬಳಿಯಲು ಬರುವವರಿಗೆ ನಾವು ಹೇಳುವುದಿಷ್ಟೆ: ಮೂಗು, ಕೈ ಕಡಿಯುವ ಶಿಕ್ಷೆ ಈ ನೆಲದಲ್ಲಿ ಯಾವೊಂದು ಮತದ ಸ್ವತ್ತೂ ಆಗಿರಲಿಲ್ಲ. ಶೂರ್ಪನಖಿಯ ಮೂಗು ಕೊಯ್ದದ್ದನ್ನು ಪುರಾಣ ಹೇಳಿಸಿ ಭಕ್ತಿಯಿಂದ ಕೇಳುವ ನಾಡು ಇದು. ಯಾವ ದೊರೆ ಗೆದ್ದರೂ ಕಡಿಸಿಕೊಂಡದ್ದು ಎತ್ತು ಹೊಡೆಯುವವನ ಕೈ. ಅದನ್ನು ಮರೆಯಬಾರದು.

ಕಾವಸಜಿ ಒಂದು ವರ್ಷಕ್ಕೂ ಮೇಲೆ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮುಂಬಯಿ ಇಲಾಖೆಯ ಇಬ್ಬರು ಇಂಗ್ಲಿಷ್ ವೈದ್ಯರು ಈ ಕೆಲಸವನ್ನು ಕಣ್ಣಾರೆ ಕಂಡರು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಕಾವಸಜಿಯ ಚಿತ್ರ ಬರೆದ. 1794ರ ಅಕ್ಟೋಬರದಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆ ಈ ಸುದ್ದಿಯನ್ನು ಅಚ್ಚು ಹಾಕಿತು.

ಆ ಕೆಲಸ ಹೀಗಿತ್ತು. ಮೊದಲು ಮೇಣವನ್ನು ತೆಳ್ಳಗೆ ತಟ್ಟಿ, ಹೋದ ಮೂಗಿನ ಜಾಗಕ್ಕೆ ಇಟ್ಟು, ಮೂಗಿನ ಆಕಾರ ಮಾಡಿಕೊಳ್ಳುವುದು. ಆ ಮೇಣವನ್ನು ಬಿಡಿಸಿ, ಚಪ್ಪಟೆ ಮಾಡಿ, ಹಣೆಯ ಮೇಲೆ ಹರವಿ ಸುತ್ತ ಗೆರೆ ಎಳೆಯುವುದು. ಗೆರೆಯ ಒಳಗಿನ ಚರ್ಮವನ್ನು ಬಿಡಿಸುವುದು. ಆದರೆ ಪೂರ್ತಿ ಬಿಡಿಸುವುದಲ್ಲ: ಎರಡು ಹುಬ್ಬಿನ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೇ ಉಳಿಸಿಕೊಳ್ಳುವುದು. ಹಳೆಯ ಮೂಗಿನ ಗಾಯದ ಅಂಚನ್ನು ಕೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುವಿ ಕೆಳಗೆ ಇಳಿಸಿ, ಸೀಳಿದ ಗೆರೆಯೊಳಗೆ ಅದರ ಅಂಚು ಕೂಡ್ರಿಸುವುದು. ಮೇಲೆ ಅಂಟಿಗೆ ಏನು? ನಾವು ಎಲಿ-ಅಡಿಕಿಗೆ ಹಾಕಿಕೊಳ್ಳುವ ಕಾಚು. ಕಾಚನ್ನು ನೀರಲ್ಲಿ ನೆನೆಸಿ, ಬಟ್ಟೆಯ ಪಟ್ಟಿಗೆ ಸವರಿ, ಐದಾರು ಪಟ್ಟಿ ಒಂದರ ಮೇಲೊಂದು ಹಾಕುವುದು. ನಾಲ್ಕು ದಿನ ಅದೇ ಕಟ್ಟು. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊರಳೆ ಮುಚ್ಚದಿರಲೆಂದು ಮೆತ್ತನೆಯ ಬಟ್ಟೆ ತುರುಕುವುದು. ಸುಮಾರು 25ನೆಯ ದಿನ ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸುವುದು.

ಇದರೊಳಗಿನ ಗುಟ್ಟು ಆ ಹುಬ್ಬಿನ ನಡುವಿನ ಪಟ್ಟಿಯಲ್ಲಿದೆ. ಚರ್ಮವನ್ನು ಪೂರ್ತಿ ಕಿತ್ತು ಬೇರೆ ಕಡೆ ಇಟ್ಟರೆ, ದಪ್ಪ ಚರ್ಮವಾದರೆ, ಅದು ಕರ್ರಗಾಗಿ ಸಾಯುತ್ತದೆ. ಅದಕ್ಕೆ ರಕ್ತ ಬೇಕು. ಕಣ್ಣಿನ ಮೂಲೆಯಿಂದ ಹಣೆಗೆ ಏರುವ ಒಂದು ರಕ್ತನಾಳ ಆ ಪಟ್ಟಿಯಲ್ಲಿದೆ. ಹೊಸ ಜಾಗದಲ್ಲಿ ಚರ್ಮ ಬೇರು ಬಿಡುವವರೆಗೆ ಹಳೆಯ ಜಾಗದಿಂದ ಅನ್ನ ಬರುತ್ತಿರಬೇಕು. ಬೇರು ಬಿಟ್ಟಿತು ಅನ್ನುವಾಗ ಪಟ್ಟಿ ಕತ್ತರಿಸಬೇಕು. ಇವತ್ತು ವೈದ್ಯರು 'ಫ್ಲ್ಯಾಪ್' ಎಂದು ಕರೆಯುವುದು ಇದನ್ನೇ. ಯಾವ ಕಾಲೇಜಿನ ಮೆಟ್ಟಿಲೂ ಹತ್ತದ ಮನುಷ್ಯನೊಬ್ಬನಿಗೆ ಇದು ಗೊತ್ತಿತ್ತು.

ಯಾರು ಆ ಮನುಷ್ಯ? ಪತ್ರಿಕೆ ಬರೆದದ್ದು ಇಷ್ಟೆ: ಇಟ್ಟಂಗಿ ಮಾಡುವ ಜಾತಿಯವನು. ಕುಂಬಾರನಿರಬೇಕೆಂದು ಬಹಳ ಜನ ಬರೆದಿದ್ದಾರೆ. ಮೂಗು ಕಟ್ಟಿಸಿಕೊಂಡವನ ಹೆಸರು ಉಳಿಯಿತು. ನಿಂತು ನೋಡಿದ ಇಬ್ಬರು ಇಂಗ್ಲಿಷರ ಹೆಸರು ಉಳಿಯಿತು. ಚಿತ್ರ ಬರೆದವನ ಹೆಸರು ಉಳಿಯಿತು. ಮೂಗು ಕಟ್ಟಿದವನಿಗೆ ಮಾತ್ರ ಹೆಸರಿಲ್ಲ, ಬರೀ ಜಾತಿ ಇದೆ. ಗೆಳೆಯರೆ, ನಮ್ಮ ಹಿರಿಯರೆಲ್ಲ ಚರಿತ್ರೆಯ ಪುಟಕ್ಕೆ ಬಂದದ್ದು ಹೀಗೇ ಅಲ್ಲವೆ?

ಈಗ ಒಬ್ಬರು ಎದ್ದು ನಿಲ್ಲುತ್ತಾರೆ. "ಇದೆಲ್ಲ ಸುಶ್ರುತ ಮಹರ್ಷಿಗಳ ವಿದ್ಯೆ, ನಮ್ಮ ಋಷಿಮುನಿಗಳು ಎರಡು ಸಾವಿರ ವರ್ಷದ ಹಿಂದೆಯೇ ಪ್ಲಾಸ್ಟಿಕ್ ಸರ್ಜರಿ ಮಾಡಿದ್ದರು" ಎಂದು ಭಾಷಣ ಬಿಗಿಯುತ್ತಾರೆ. ಸುಶ್ರುತ ಸಂಹಿತೆ ದೊಡ್ಡ ಗ್ರಂಥ, ಅದರಲ್ಲಿ ನಮಗೆ ಅನುಮಾನವಿಲ್ಲ. ಎಲೆಯನ್ನು ಅಳತೆಗೆ ಕತ್ತರಿಸಿ, ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಅದರಲ್ಲಿದೆ. ಹೆಣವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಟ್ಟು, ಪದರ ಪದರವಾಗಿ ಕೆರೆದು ಒಳಗಿನ ಅಂಗಗಳನ್ನು ನೋಡಿ ಕಲಿಯಬೇಕು ಎಂದೂ ಅದು ಹೇಳುತ್ತದೆ. ಶೂದ್ರನಿಗೂ ಮಂತ್ರ ಬಿಟ್ಟು ಈ ವಿದ್ಯೆ ಕಲಿಸಬಹುದು ಎಂಬ ಕೆಲವರ ಮತವನ್ನೂ ಅದು ದಾಖಲಿಸಿದೆ.

ಹಾಗಾದರೆ ಹೆಣ ಮುಟ್ಟಿ ಕಲಿಯುವ ಆ ವಿದ್ಯೆಗೆ ಏನಾಯಿತು? ಮನುಸ್ಮೃತಿ ತೆಗೆದು ನೋಡಿ. ವೈದ್ಯನು ಕೊಟ್ಟ ಅನ್ನ ಕೀವಿಗೆ ಸಮಾನ ಎಂದಿದೆ. ಶ್ರಾದ್ಧದ ಪಂಕ್ತಿಯಲ್ಲಿ ವೈದ್ಯನನ್ನು ಕೂಡ್ರಿಸಬೇಡಿ ಎಂದಿದೆ. ರಕ್ತ, ಕೀವು, ಹೆಣ ಮುಟ್ಟುವವನು ಮೈಲಿಗೆ. ಮುಟ್ಟದೆ ಶಸ್ತ್ರಚಿಕಿತ್ಸೆ ಹೇಗಾದೀತು? ಶಾಸ್ತ್ರ ಬಲ್ಲವರು ಕತ್ತಿ ಕೆಳಗಿಟ್ಟರು. ಕೆಳಗಿಟ್ಟ ಕತ್ತಿಯನ್ನು ಎತ್ತಿಕೊಂಡವರು ಮುಟ್ಟಲು ಹೆದರದವರು: ಕ್ಷೌರಿಕರು, ಕುಂಬಾರರು, ಹೆರಿಗೆ ಮಾಡಿಸುವ ಸೂಲಗಿತ್ತಿಯರು. ಹಿಮಾಚಲದ ಕಾಂಗ್ಡಾದಲ್ಲಿ ಮೂಗು ಕಟ್ಟುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ಮನೆತನಗಳು ಇಪ್ಪತ್ತನೆಯ ಶತಮಾನದವರೆಗೂ ಇದ್ದವು. ಇನ್ನೊಂದು ಮಾತು ಗಮನಿಸಬೇಕು. ಗ್ರಂಥದಲ್ಲಿರುವುದು ಕೆನ್ನೆಯ ಚರ್ಮ. ಪುಣೆಯ ಆ ಇಟ್ಟಂಗಿಯವನು ತೆಗೆದದ್ದು ಹಣೆಯ ಚರ್ಮ. ಶ್ಲೋಕ ಕಂಠಪಾಠ ಮಾಡಿದವನು ಕೆನ್ನೆಯಲ್ಲೇ ನಿಲ್ಲುತ್ತಿದ್ದ. ಕೈಯಿಂದ ಕಲಿತು ಕೈಯಿಂದ ಕಲಿಸಿದವರು ಹಣೆಗೆ ಹೋದರು. ಮಣ್ಣಿಗೆ ಆಕಾರ ಕೊಡುವ ಕೈಗೆ ಮೇಣಕ್ಕೆ ಆಕಾರ ಕೊಡಲು ಯಾರೂ ಕಲಿಸಬೇಕಿರಲಿಲ್ಲ.

ಕೂಡಿಸುವ ವಿದ್ಯೆಯನ್ನು ಮೈಲಿಗೆ ಎಂದ ಅದೇ ಶಾಸ್ತ್ರಕ್ಕೆ ಕಡಿಯುವುದು ಮೈಲಿಗೆಯಾಗಿರಲಿಲ್ಲ. ಕೀಳುಜಾತಿಯವನು ಯಾವ ಅಂಗದಿಂದ ಮೇಲಿನವನಿಗೆ ನೋವು ಮಾಡುತ್ತಾನೋ ಆ ಅಂಗವನ್ನು ಕಡಿಯಬೇಕು, ಕೈ ಎತ್ತಿದರೆ ಕೈ, ಕಾಲಿಂದ ಒದ್ದರೆ ಕಾಲು ಎಂದು ಮನು ಎಂಟನೆಯ ಅಧ್ಯಾಯದಲ್ಲಿ ಪಟ್ಟಿ ಕೊಡುತ್ತಾನೆ. ಏಕಲವ್ಯನ ಹೆಬ್ಬೆರಳು ಆ ಪಟ್ಟಿಗೂ ಸಿಗದ ಲೆಕ್ಕ. ಅವನು ಯಾರನ್ನೂ ಹೊಡೆದಿರಲಿಲ್ಲ, ಕಲಿತಿದ್ದ ಅಷ್ಟೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ಮನುಸ್ಮೃತಿಯನ್ನು ಸುಟ್ಟಾಗ ಸುಟ್ಟದ್ದು ಬರೀ ಕಾಗದವಲ್ಲ, ಈ ಕಡಿಯುವ ಪಟ್ಟಿಯನ್ನೂ ಸುಟ್ಟದ್ದು.

ಕಾವಸಜಿಯ ಕತೆಗೆ ಮರಳೋಣ. ಆ ಪತ್ರಿಕೆಯನ್ನು ಓದಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ, 1816ರಲ್ಲಿ ಪುಸ್ತಕ ಬರೆದ. 1818ರಲ್ಲಿ ಬರ್ಲಿನ್ನಿನ ಗ್ರೇಫೆ ಇನ್ನೊಂದು ಪುಸ್ತಕ ಬರೆದ. ಯುರೋಪು ಇದನ್ನು 'ಭಾರತೀಯ ವಿಧಾನ' ಎಂದು ಕರೆಯಿತು. ಭಾರತದ ಹೆಸರು ಬಂತು ಎಂದು ಹಿಗ್ಗುವ ಮುಂಚೆ ಕೇಳಿಕೊಳ್ಳೋಣ: ಆ ಭಾರತದೊಳಗೆ ಇಟ್ಟಂಗಿಯವನಿಗೆ ಎಷ್ಟು ಜಾಗವಿತ್ತು?

ಚಿತ್ರದಲ್ಲಿ ಕಾವಸಜಿಗೆ ಮೂಗಿದೆ. ಮುಖ ತಿರುಗಿ ಬಂದಿದೆ, ಮಾನ ತಿರುಗಿ ಬಂದಿದೆ, ಕಂಪನಿಯ ಪಿಂಚಣಿಯೂ ಬಂತು. ಹೋದ ಕೈ ಮಾತ್ರ ಬರಲಿಲ್ಲ. ಅದನ್ನು ಕೊಡುವ ವಿದ್ಯೆ ಪುಣೆಯಲ್ಲೂ ಇರಲಿಲ್ಲ, ಲಂಡನ್ನಿನಲ್ಲೂ ಇರಲಿಲ್ಲ. ಅದು ಬರಲು ಇನ್ನೂ 170 ವರ್ಷ ಹಿಡಿಯಿತು.

ಯಾಕೆ ಅಷ್ಟು ತಡ? ಮೂಗಿಗೆ ಹಣೆ ಹತ್ತಿರದಲ್ಲಿದೆ. ಒಂದು ಪಟ್ಟಿ ಉಳಿಸಿಕೊಂಡರೆ ರಕ್ತ ಬರುತ್ತದೆ. ಆದರೆ ಕಡಿದು ಕೆಳಗೆ ಬಿದ್ದ ಕೈಗೆ ಯಾವ ಪಟ್ಟಿಯೂ ಉಳಿದಿಲ್ಲ. ಅದನ್ನು ಕೂಡಿಸಬೇಕಾದರೆ ಕಡಿದ ರಕ್ತನಾಳವನ್ನೇ ನಾಳಕ್ಕೆ ಹೊಲಿಯಬೇಕು, ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಹೊಲಿಯಬೇಕು. ಹರಿದ ಗೋಣಿಚೀಲ ಹೊಲಿದ ಹಾಗಲ್ಲ ಅದು.

ಆ ಹೊಲಿಗೆ ಎಲ್ಲಿಂದ ಬಂತು ಅನ್ನೋದು ನಮ್ಮ ನೇಕಾರ ಊರಿನವರು ಕೇಳಬೇಕಾದ ಕತೆ. ಫ್ರಾನ್ಸಿನ ಲಿಯೋಂ ಪಟ್ಟಣ ರೇಷ್ಮೆಯ ಪಟ್ಟಣ, ಮಗ್ಗಗಳ ಊರು. 1894ರಲ್ಲಿ ಆ ಊರಿಗೆ ಬಂದಿದ್ದ ಫ್ರಾನ್ಸಿನ ಅಧ್ಯಕ್ಷನನ್ನು ಒಬ್ಬ ಚೂರಿಯಿಂದ ಇರಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಹರಿದಿತ್ತು. ವೈದ್ಯರು ಸುತ್ತ ನಿಂತಿದ್ದರೂ ಹರಿದ ನಾಳ ಹೊಲಿಯುವುದು ಯಾರಿಗೂ ಬರಲಿಲ್ಲ, ಅವನು ಸತ್ತ. ಆಗ ಅಲ್ಲಿ ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್ ಎಂಬ ಯುವಕ ಇದನ್ನು ಕಲಿಯಲೇಬೇಕೆಂದು ಹಟ ತೊಟ್ಟ. ಅವನು ಹೋದದ್ದು ಯಾವ ಪ್ರೊಫೆಸರನ ಹತ್ತಿರವೂ ಅಲ್ಲ. ಕಸೂತಿ ಹಾಕುವ ಲೆರೂದಿಯೆ ಎಂಬ ಹೆಣ್ಣುಮಗಳ ಹತ್ತಿರ ಹೋದ. ಅತಿ ಸಣ್ಣ ಸೂಜಿ, ಅತಿ ತೆಳು ರೇಷ್ಮೆಯ ಎಳೆ ಹಿಡಿಯುವುದನ್ನು ಅವಳಿಂದ ಕಲಿತ. ದುಂಡನೆಯ ನಾಳದ ಬಾಯಿಯನ್ನು ಮೂರು ಕಡೆ ಎಳೆ ಹಾಕಿ ಮುಕ್ಕೋನ ಮಾಡಿ ಹಿಡಿದು, ಒಂದೊಂದು ಬದಿ ಹೊಲಿಯುವ ಉಪಾಯವನ್ನು 1902ರಲ್ಲಿ ಪ್ರಕಟಿಸಿದ. 1912ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಕಸೂತಿಯ ಹೆಣ್ಣುಮಗಳಿಗೆ ಬಹುಮಾನವಿಲ್ಲ. ಆದರೆ ಇಟ್ಟಂಗಿಯವನಿಗಿಂತ ಅವಳ ಅದೃಷ್ಟ ಒಂದು ತೂಕ ಹೆಚ್ಚು: ಅವಳ ಮನೆತನದ ಹೆಸರಾದರೂ ಉಳಿಯಿತು.

ಕ್ಯಾರೆಲ್‌ನ ಬಗ್ಗೆ ಇನ್ನೊಂದನ್ನೂ ಮುಚ್ಚಿಡಬಾರದು. 1935ರಲ್ಲಿ ಅವನು ಬರೆದ ಪುಸ್ತಕದಲ್ಲಿ ಮನುಷ್ಯರಲ್ಲಿ ಮೇಲುತಳಿ ಕೀಳುತಳಿ ಎಂದು ವಿಂಗಡಿಸಿದ, ಘೋರ ಅಪರಾಧಿಗಳನ್ನು ಅನಿಲ ಬಿಟ್ಟು ಕೊಲ್ಲಬಹುದೆಂದ. ನಾಳ ಹೊಲಿಯಬಲ್ಲವನು ಮನುಷ್ಯರನ್ನು ಹರಿದು ಹಾಕುವ ಮಾತೂ ಆಡಿದ. ವಿಜ್ಞಾನ ಕಲಿತವರೆಲ್ಲ ಮನುಷ್ಯರಾಗಿಬಿಡುತ್ತಾರೆ ಎಂಬ ಭ್ರಮೆ ನಮಗೆ ಬೇಡ. ನಮ್ಮ ದೇಶದಲ್ಲೂ ಬಿಳಿ ಕೋಟಿನೊಳಗೆ ಜನಿವಾರ ತಡಕುವವರಿದ್ದಾರೆ.

ಕ್ಯಾರೆಲ್‌ನ ಹೊಲಿಗೆ ದೊಡ್ಡ ನಾಳಕ್ಕಾಯಿತು. ಬೆರಳಿನ ನಾಳ ಒಂದು ಮಿಲಿಮೀಟರಿನಷ್ಟು, ಜೋಳದ ಕಾಳಿಗಿಂತ ಬಹಳ ಸಣ್ಣದು. ಬರಿಗಣ್ಣಿಗೆ ಅದು ಕಂಡರೂ ಹೊಲಿಗೆ ಕಾಣುವುದಿಲ್ಲ. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್ಸನ್ ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ನಾಳಗಳನ್ನು ಹೊಲಿದು ತೋರಿಸಿದ. ಅಲ್ಲಿಂದ ಮೈಕ್ರೋಸರ್ಜರಿ ಎಂಬ ಹೆಸರು ಊರೂರಿಗೆ ಹರಡಿತು. ಇವತ್ತು ಅದಕ್ಕೆ ಬಳಸುವ ನೈಲಾನ್ ಎಳೆಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಎರಡು-ಮೂರು ಪಾಲು, ತಲೆಗೂದಲಿಗಿಂತ ತೆಳುವು.

1962ರ ಮೇ 23ರಂದು ಬಾಸ್ಟನ್ನಿನಲ್ಲಿ ಗೂಡ್ಸ್ ರೈಲಿಗೆ ಸಿಕ್ಕು ತೋಳು ಕಡಿದುಹೋದ 12 ವರ್ಷದ ಹುಡುಗನಿಗೆ ರೊನಾಲ್ಡ್ ಮಾಲ್ಟ್ ಮತ್ತು ಅವನ ಸಂಗಡಿಗರು ತೋಳನ್ನು ತಿರುಗಿ ಕೂಡಿಸಿದರು. ಪೂರ್ತಿ ಕಡಿದ ತೋಳು ಬದುಕಿದ್ದು ಅದೇ ಮೊದಲು. 1963ರಲ್ಲಿ ಚೀನಾದ ಶಾಂಘೈ ಊರಿನಲ್ಲಿ ಯಂತ್ರಕ್ಕೆ ಕೈ ಕೊಟ್ಟ ಒಬ್ಬ ಕಾರ್ಖಾನೆಯ ಕೂಲಿಕಾರನ ಕೈಯನ್ನು ಛೆನ್ ಝೋಂಗ್‌ವೇ ಮತ್ತು ಸಂಗಡಿಗರು ಕೂಡಿಸಿದರು. 1965ರ ಜುಲೈ 27ರಂದು ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೂಡಿಸಿದರು. ಬೆರಳು ಸಿಗದೇ ಹೋದರೆ, ನುಜ್ಜುಗುಜ್ಜಾದರೆ? 1966ರಲ್ಲಿ ಶಾಂಘೈಯಲ್ಲಿ ಕಾಲಿನ ಎರಡನೆಯ ಬೆರಳನ್ನು ತೆಗೆದು ಕೈಗೆ ಹೆಬ್ಬೆರಳಾಗಿ ಇಟ್ಟರು. 1968ರಲ್ಲಿ ಇಂಗ್ಲೆಂಡಿನ ಜಾನ್ ಕಾಬೆಟ್ ಕಾಲಿನ ಹೆಬ್ಬೆರಳನ್ನೇ ಕೈಗೆ ಇಟ್ಟ.

ಇನ್ನು ಆ ಇಟ್ಟಂಗಿಯವನ ಪಟ್ಟಿ? ಅದೂ ಈ ದಾರಿಯಲ್ಲೇ ಮುಂದೆ ನಡೆಯಿತು. ನಾಳ ಹೊಲಿಯಲು ಬಂದ ಮೇಲೆ ಹುಬ್ಬಿನ ನಡುವಿನ ಪಟ್ಟಿಯ ಹಾಗೆ ಒಂದು ಕೊಂಡಿ ಉಳಿಸಿ 25 ದಿನ ಕಾಯುವ ಅಗತ್ಯ ಉಳಿಯಲಿಲ್ಲ. ತೊಡೆಯ ಸಂದಿನ ಚರ್ಮವನ್ನು ಅದರ ರಕ್ತನಾಳದ ಸಮೇತ ಬಿಡಿಸಿ, ದೂರದ ಕಾಲಿನ ಗಾಯದ ಮೇಲಿಟ್ಟು, ಅಲ್ಲಿಯ ನಾಳಕ್ಕೆ ಹೊಲಿದು ಬದುಕಿಸುವುದನ್ನು 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನಿಂದ ಡೇನಿಯಲ್ ಮತ್ತು ಟೇಲರ್ ವರದಿ ಮಾಡಿದರು. ಬೆನ್ನಿನ ಮಾಂಸ ಕಾಲಿಗೆ, ಕಾಲಿನ ಎಲುಬು ದವಡೆಗೆ ಹೋಗುವ ಕಾಲ ಬಂತು. ಆದರೆ ಮೂಲ ತತ್ವ ಪುಣೆಯಲ್ಲಿ ಕಾಚು ಸವರಿದವನದೇ: ಚರ್ಮವನ್ನು ಎಲ್ಲಿಗಾದರೂ ಒಯ್ಯಿ, ಅದರ ರಕ್ತದ ದಾರಿ ಮುಚ್ಚಬೇಡ.

ನಮ್ಮ ದೇಶಕ್ಕೂ ಇದು ಬಂತು. ಮದ್ರಾಸಿನ ಸರ್ಕಾರಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಆರ್. ವೆಂಕಟಸ್ವಾಮಿಯವರು 1970ರ ದಶಕದಲ್ಲಿ ಕೈಯ ಚಿಕಿತ್ಸೆಗೇ ಒಂದು ವಿಭಾಗ ಕಟ್ಟಿದರು. ಬಟ್ಟೆ ಗಿರಣಿಗಳ ಊರಾದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಎಸ್. ರಾಜಾ ಸಬಾಪತಿಯವರು 1991ರಿಂದ ಕಟ್ಟಿದ ವಿಭಾಗಕ್ಕೆ ಈಗ ಹೊರದೇಶದ ವೈದ್ಯರೂ ಕಲಿಯಲು ಬರುತ್ತಾರೆ. ವಿದ್ಯೆ ಇದೆ, ಕಲಿತ ಕೈಗಳಿವೆ. ಹಾಗಾದರೆ ನಮ್ಮ ಹುಡುಗನ ಬೆರಳು ಬದುವಿನ ಬಗಲಿಗೆ ಯಾಕೆ ಹೋಯಿತು?

ಗಡಿಯಾರ ನೋಡೋಣ. ಕಡಿದ ಬೆರಳನ್ನು ತಂಪಿನಲ್ಲಿ ಇಟ್ಟರೆ ಸುಮಾರು 24 ತಾಸು, ಹಾಗೇ ಬಿಟ್ಟರೆ 12 ತಾಸು ಜೀವ ಹಿಡಿಯುತ್ತದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಮಾಂಸಖಂಡವಿರುವ ತೋಳು ತಂಪಿಲ್ಲದೆ ಆರು ತಾಸಿನ ಮೇಲೆ ಉಳಿಯುವುದು ಕಷ್ಟ. ಬನಹಟ್ಟಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರು. ಬೆಳಗಾವಿ, ಹುಬ್ಬಳ್ಳಿ, ಮಿರಜ ನೂರು-ನೂರೈವತ್ತರ ಸುತ್ತಿನಲ್ಲಿವೆ. ಹಾಗಾಗಿ ಬೆರಳಿಗೆ ದಾರಿಯ ದೂರ ಮುಖ್ಯ ಶತ್ರುವಲ್ಲ. ಗೊತ್ತಿಲ್ಲದಿರುವುದು, ಕೈಯಲ್ಲಿ ರೊಕ್ಕವಿಲ್ಲದಿರುವುದು, "ಹೋತು ಬಿಡು" ಅನ್ನುವ ಮಾತು, ಇವೇ ಶತ್ರುಗಳು. ಶಸ್ತ್ರಕ್ರಿಯೆ ಆದ ಮೇಲೂ ತಿಂಗಳುಗಟ್ಟಲೆ ಬೆರಳಿಗೆ ವ್ಯಾಯಾಮ ಬೇಕು. ಆ ತಿಂಗಳುಗಳ ಕೂಲಿ ಯಾರು ಕೊಡಬೇಕು? ದಿನಗೂಲಿಯವನಿಗೆ ಬೆರಳು ಕೂಡಿಸಿಕೊಳ್ಳುವುದಕ್ಕಿಂತ ಹೊಲಿಗೆ ಹಾಕಿಸಿಕೊಂಡು ಎಂಟು ದಿನಕ್ಕೆ ಕೆಲಸಕ್ಕೆ ಮರಳುವುದೇ ಅಗ್ಗ ಕಾಣುತ್ತದೆ. ಇದು ಅವನ ದಡ್ಡತನವಲ್ಲ, ನಾವು ಕಟ್ಟಿಕೊಂಡ ವ್ಯವಸ್ಥೆಯ ಲೆಕ್ಕ.

ಲೆಕ್ಕ ಅಂದಮೇಲೆ ಇನ್ನೊಂದು ಪಟ್ಟಿ ನೋಡಬೇಕು. 1923ರ ಕಾರ್ಮಿಕ ಪರಿಹಾರ ಕಾಯಿದೆಗೆ ಆಮೇಲೆ ತಿದ್ದುಪಡಿಯಾದ ಪಟ್ಟಿಯಲ್ಲಿ ಒಂದೊಂದು ಬೆರಳಿಗೂ ದರವಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ. ತೋರುಬೆರಳು ಇಡಿಯಾಗಿ ಹೋದರೆ 14, ನಡುಬೆರಳು 12, ಉಂಗುರಬೆರಳು ಇಲ್ಲವೆ ಕಿರುಬೆರಳು 7, ಒಂದು ಕೈಯ ನಾಲ್ಕೂ ಬೆರಳು ಹೋದರೆ 50. ಕೈಯ ವೈದ್ಯರು ಕೈಯ ಕೆಲಸದಲ್ಲಿ ಹೆಬ್ಬೆರಳಿನ ಪಾಲು ಸುಮಾರು 40 ಎನ್ನುತ್ತಾರೆ. ಕಾಯಿದೆ 30 ಎಂದಿತು. ನಡುವಿನ ಹತ್ತು ಯಾರ ಜೇಬಿಗೆ ಹೋಯಿತು? ಆ 30 ಆದರೂ ಸಿಗಬೇಕಾದರೆ ನೀನು ಕೂಲಿಕಾರ ಎಂಬುದಕ್ಕೆ ಕಾಗದ ಬೇಕು. ತೋಟದ ಆಳಿಗೆ, ಮನೆಯೊಳಗೆ ನಾಲ್ಕು ಮಗ್ಗ ಹಾಕಿಕೊಂಡವನ ಕೈಕೆಳಗಿನ ಹುಡುಗನಿಗೆ ಯಾವ ಕಾಗದ? ರಾಶಿ ಮಾಡುವ ಮಿಷನ್ನುಗಳು ಕೈ ತಿನ್ನುತ್ತಿರುವುದನ್ನು ಕಂಡು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂತು. ನಮ್ಮ ಕೇರಿಯಲ್ಲಿ ವಿಚಾರಿಸಿ ನೋಡಿದೆವು. ಅದರ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ.

ನೇಕಾರರ ಹೆಬ್ಬೆರಳನ್ನು ಕಂಪನಿ ಸರ್ಕಾರ ಕತ್ತರಿಸಿತು ಎಂಬ ಮಾತು ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದಿದೆ. ವಿಲಿಯಂ ಬೋಲ್ಟ್ಸ್ ಎಂಬವನು 1772ರಲ್ಲಿ ಬರೆದ ಪುಸ್ತಕದಲ್ಲಿ ಇರುವುದು ಅದಕ್ಕಿಂತ ಘೋರ: ಬಂಗಾಳದಲ್ಲಿ ಕಚ್ಚಾ ರೇಷ್ಮೆ ಸುತ್ತುವವರು ಕಂಪನಿಯ ಬಲವಂತದ ದುಡಿತದಿಂದ ಪಾರಾಗಲು ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡರಂತೆ. ತನ್ನ ಬೆರಳೇ ತನಗೆ ಶತ್ರುವಾಗುವ ಹಾಗೆ ಮಾಡಿದ ದುಡಿಮೆ ಅದು. ಏಕಲವ್ಯನಿಂದ ಗುರುದಕ್ಷಿಣೆ ಕೇಳಿದರು, ರೇಷ್ಮೆಯವರಿಂದ ಲಾಭ ಕೇಳಿದರು, ನಮ್ಮ ಹುಡುಗನಿಂದ ಅವಸರದ ಕೆಲಸ ಕೇಳಿದರು. ಕೊಟ್ಟದ್ದು ಮೂರು ಸಲವೂ ಹೆಬ್ಬೆರಳೇ.

ಈ ಚರಿತ್ರೆ ಓದಿ ನಾವು ಕಂಡುಕೊಂಡದ್ದು ಇಷ್ಟು. ಕಡಿದದ್ದನ್ನು ಕೂಡಿಸುವ ವಿದ್ಯೆ ಮೇಲಿನಿಂದ ಇಳಿದು ಬಂದ ವರವಲ್ಲ. ಇಟ್ಟಂಗಿ ಸುಡುವವನ ಕೈ, ಕಸೂತಿ ಹಾಕುವವಳ ಕೈ ಅದನ್ನು ಬೆಳೆಸಿದವು. ದುಡಿಯುವ ಕೈಗಳಿಂದ ಹೊರಟ ವಿದ್ಯೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಿಂತುಬಿಟ್ಟಿದೆ. ಅದನ್ನು ದುಡಿಯುವ ಕೈಗಳಿಗೆ ತಿರುಗಿ ತರಬೇಕು. ಇದು ಭಿಕ್ಷೆಯಲ್ಲ, ನಮ್ಮ ಸಾಲದ ವಸೂಲಿ.

ಎಲ್ಲಿಂದ ಶುರು ಮಾಡೋಣ? ಹಳ್ಳಿಯ ಮಾಸ್ತರರು, ಅಕ್ಕೋರುಗಳು ಈ ನಾಲ್ಕು ಮಾತನ್ನು ಶಾಲೆಯ ಗೋಡೆಯ ಮೇಲೆ ಬರೆಸಲಿ. ಬೆರಳು ಕಡಿದರೆ ಮೊದಲು ಮಿಷನ್ ಬಂದ್ ಮಾಡಿ. ಗಾಯದ ಮೇಲೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ. ಹಗ್ಗದಿಂದ ಬಿಗಿಯಬೇಡಿ, ಅರಿಷಿಣ ಮೆತ್ತಬೇಡಿ. ಬಿದ್ದ ಬೆರಳನ್ನು ಹುಡುಕಿ, ಶುದ್ಧ ನೀರಿನಲ್ಲಿ ತೊಳೆದು, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಬರ್ಫು ಹಾಕಿದ ನೀರಿನ ಡಬ್ಬಿಯಲ್ಲಿಡಿ. ಬೆರಳಿಗೆ ಬರ್ಫು ನೇರವಾಗಿ ತಾಗಬಾರದು, ತಾಗಿದರೆ ಅದೂ ಸಾಯುತ್ತದೆ. 108ಕ್ಕೆ ಫೋನ್ ಮಾಡುವಾಗಲೇ ರಕ್ತನಾಳ ಹೊಲಿಯುವ ವೈದ್ಯರು ಎಲ್ಲಿದ್ದಾರೆ ಅಂತ ಕೇಳಿ. ಕಡಿದ ಹೊತ್ತನ್ನು ಬರೆದುಕೊಳ್ಳಿ. ಎಲ್ಲ ಬೆರಳೂ ಕೂಡುವುದಿಲ್ಲ. ಗಾಣದಲ್ಲಿ ಜಜ್ಜಿಹೋದದ್ದು ಕೂಡುವುದು ಬಹಳ ಕಷ್ಟ. ಕೂಡುತ್ತದೋ ಇಲ್ಲವೋ ಅನ್ನೋದನ್ನು ವೈದ್ಯರು ನೋಡಿ ಹೇಳಲಿ, ಬದುವಿನ ಮೇಲೆ ನಿಂತು ನಾವು ತೀರ್ಮಾನ ಮಾಡುವುದು ಬೇಡ.

ಇದರ ಜೊತೆಗೆ ಸಂಘಟನೆಯ ಗೆಳೆಯರು ಕೇಳಬೇಕಾದದ್ದಿದೆ. ಕಣಕಿ ಮಿಷನ್ನಿಗೂ ಗಾಣಕ್ಕೂ ಬಾಯಿಮುಚ್ಚಳ ಇಲ್ಲದೆ ಮಾರಬಾರದು. ನೂಲು, ಕಬ್ಬು, ಕಲ್ಲುಗಣಿ ಇರುವ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಮೈಕ್ರೋಸರ್ಜರಿ ಇರಬೇಕು. ಗುಣವಾಗುವ ತಿಂಗಳುಗಳ ಕೂಲಿಯನ್ನು ಕೆಲಸಕ್ಕೆ ಹಚ್ಚಿದವನಿಂದ ಕೊಡಿಸಬೇಕು. ಆ ವಿಭಾಗಗಳಲ್ಲಿ ಕತ್ತಿ, ಸೂಜಿ ಹಿಡಿಯಲು ನಮ್ಮ ಕೇರಿಯ ಮಕ್ಕಳೂ ಹೋಗಬೇಕು. ಎಷ್ಟೋ ಊರುಗಳ ಶವಾಗಾರದಲ್ಲಿ ಡಾಕ್ಟರು ದೂರ ನಿಂತು ಬರೆಯುವಾಗ ಹೆಣ ಕೊಯ್ದು ಕೊಡುತ್ತಾ ಬಂದ ಕೈ ನಮ್ಮದು. ಅದೇ ಕೈ ಬದುಕಿದವನ ಬೆರಳು ಹೊಲಿಯಲಾರದು ಎಂದು ಯಾವ ಶಾಸ್ತ್ರ ಹೇಳೀತು?

ಆ ಹುಡುಗ ಈಗ ಎಡಗೈಯಲ್ಲಿ ಕುಡಗೋಲು ಹಿಡಿಯುತ್ತಾನೆ. ಸಹಿ ಮಾಡಲು ಬರುತ್ತದೆ, ಆದರೂ ಕಚೇರಿಯೊಂದರಲ್ಲಿ ಕಾಗದಕ್ಕೆ ಬಲಗೈ ಹೆಬ್ಬೆಟ್ಟು ಒತ್ತು ಎಂದರಂತೆ. ಅವನು ನಕ್ಕು, "ಅದು ಹೊಲದಾಗೈತ್ರೀ ಸಾಹೇಬ್ರ, ಅಗದು ತರ್ಲೇನು?" ಅಂದನಂತೆ. ನಮಗೆ ನಗು ಬರಲಿಲ್ಲ. ಅದನ್ನು ಮಣ್ಣು ಮಾಡಿದವರು ನಾವು.